ಕೊಚ್ಚಿಯಿಂದ ಅಗತ್ತಿಗೆ ಸೆಸ್ನಾ: ಕಲಬುರಗಿಯಿಂದ ಬಂದ ಪ್ರಶ್ನೆ

ಪ್ರಶ್ನೆ (ಕಲಬುರಗಿಯ ಸದಸ್ಯ): ಸರ್, ನಮಸ್ಕಾರ. ನನ್ನ ಬಳಿ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಇದುವರೆಗೆ ಹಾರಿದ್ದೆಲ್ಲ ನೆಲದ ಮೇಲೆ, ಒಂದೇ ಎಂಜಿನ್ನಿನ ಸಣ್ಣ ವಿಮಾನ ಸೆಸ್ನಾ 172ರಲ್ಲಿ. ಜನವರಿಯಲ್ಲಿ ಸ್ನೇಹಿತನೊಂದಿಗೆ ಕೊಚ್ಚಿಗೆ ಹೋಗಿ, ಅಲ್ಲಿಂದ ಲಕ್ಷದ್ವೀಪದ ಅಗತ್ತಿಗೆ ಹಾರುವ ಆಸೆಯಿದೆ. ಸಮುದ್ರದ ಮೇಲಿನ ದೂರ ಸುಮಾರು 460 ಕಿ.ಮೀ.; ವಿಮಾನದಲ್ಲಿ ಐದು ಗಂಟೆಯ ಇಂಧನವಿರುತ್ತದೆ. ಎರಡೂ ದೇಶದೊಳಗಿನ ನಿಲ್ದಾಣಗಳೇ. ಹಾಗಿರುವಾಗ ಹೊಸದಾಗಿ ಏನು ಲೆಕ್ಕ ಹಾಕಬೇಕು?

ಉತ್ತರ (ಹಾರಾಟ ತರಬೇತುದಾರ): ಮೊದಲು ನಿಮಗೊಂದು ಪ್ರಶ್ನೆ. ಕಲಬುರಗಿಯ ಸುತ್ತ ಹಾರುವಾಗ ಎಂಜಿನ್ ನಿಂತರೆ ಎಲ್ಲಿ ಇಳಿಯುತ್ತೀರಿ? ತೊಗರಿ ಹೊಲ ಎನ್ನುತ್ತೀರಿ. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿ ಹೂತು ವಿಮಾನ ಮಗುಚಬಹುದು, ನಿಜ. ಆದರೂ ಕೆಳಗೆ ಹೊಲವಿದೆ ಎಂಬ ಧೈರ್ಯದಲ್ಲಿಯೇ ನೀವು ಹಾರಾಟ ಕಲಿತಿದ್ದೀರಿ. ಸಮುದ್ರದ ಮೇಲೆ ಆ ಹೊಲವನ್ನು ಹೊರಡುವ ಮೊದಲೇ ಕಾಗದದ ಮೇಲೆ ಹುಡುಕಿಕೊಳ್ಳಬೇಕು.

ಎಂಜಿನ್ ನಿಂತ ಸೆಸ್ನಾ 172 ಒಂದು ಪಾಲು ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಪಾಲು ಮುಂದೆ ತೇಲುತ್ತದೆ. ಒಂಬತ್ತು ಸಾವಿರ ಅಡಿಯಿಂದ ಸಿಗುವುದು 25 ಕಿ.ಮೀ. ಕೊಚ್ಚಿಯ ಕಡೆ 25, ಅಗತ್ತಿಯ ಕಡೆ 25 ಕಳೆಯಿರಿ. ಉಳಿದ 410 ಕಿ.ಮೀ.ಯಲ್ಲಿ ಎಂಜಿನ್ ಕೈಕೊಟ್ಟರೆ ನೀರಿಗೇ ಇಳಿಯಬೇಕು.

ಇನ್ನು ಇಂಧನ. ವೇಗ ಗಂಟೆಗೆ 200 ಕಿ.ಮೀ., ಎದುರುಗಾಳಿ 30 ಎಂದಿಟ್ಟುಕೊಳ್ಳಿ. ಹೋಗುವಾಗ 170ರ ವೇಗ, ಮರಳುವಾಗ ಗಾಳಿ ಬೆನ್ನಿಗಿದ್ದು 230. ಹೋಗಿ ಬರಲು 4 ಗಂಟೆ 42 ನಿಮಿಷ ಬೇಕು. ಅದಕ್ಕೆ ಅರ್ಧ ಗಂಟೆಯ ಮೀಸಲು ಸೇರಿಸಿದರೆ ನಿಮ್ಮ ಐದು ಗಂಟೆ ಮುಗಿದುಹೋಯಿತು. ಅಗತ್ತಿಯಲ್ಲಿ ನಿಮಗೆ ಬೇಕಾದ ಏವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಸಿಗುತ್ತದೆ ಎಂಬುದು ಬರಹದಲ್ಲಿ ಖಚಿತವಾಗದೆ ಹೊರಡಬೇಡಿ. ಜೆಟ್ ಇಂಧನ ನಿಮ್ಮ ಎಂಜಿನ್ನಿಗೆ ಆಗದು.

ಇದೇ ಗಾಳಿಯಲ್ಲಿ ಈಕ್ವಲ್ ಟೈಮ್ ಪಾಯಿಂಟ್ ಅನ್ನೂ, ಅಂದರೆ ಮುಂದೆ ಹೋಗಲೂ ಹಿಂದಿರುಗಲೂ ಸಮಾನ ಸಮಯ ಬೇಕಾಗುವ ಜಾಗವನ್ನೂ, ಗುರುತಿಸಿ. ಒಟ್ಟು ದೂರವನ್ನು ಮರಳುವ ವೇಗದಿಂದ ಗುಣಿಸಿ, ಎರಡೂ ವೇಗಗಳ ಮೊತ್ತದಿಂದ ಭಾಗಿಸಿ: 460 × 230 ÷ 400, ಅಂದರೆ ಕೊಚ್ಚಿಯಿಂದ ಸುಮಾರು 265 ಕಿ.ಮೀ. ಅಲ್ಲಿಂದ ಮುಂದೆ ಹೋಗಲೂ ಹಿಂದಿರುಗಲೂ 69 ನಿಮಿಷವೇ. ಬಹಳ ಜನ ನಡುದಾರಿಯಾದ 230 ಕಿ.ಮೀ.ಗೆ ಗುರುತು ಹಾಕಿಬಿಡುತ್ತಾರೆ. ಹಾಗೆ ಮಾಡಿದವರು 250ನೇ ಕಿ.ಮೀ.ಯಲ್ಲಿ ತೊಂದರೆಯಾದಾಗ, ಹಿಂದಿರುಗುವುದು ಬೇಗ ಎಂದು ತಿಳಿಯದೆ ಗಾಳಿಗೆದುರಾಗಿ ಮುಂದೆ ಸಾಗುತ್ತಾರೆ.

ನಿಯಮವೂ ಇದೆ. ನಿಯಂತ್ರಿತ ವಾಯುಪ್ರದೇಶದಲ್ಲಿ ತೀರದಿಂದ 100 ನಾಟಿಕಲ್ ಮೈಲಿ, ಅಂದರೆ 185 ಕಿ.ಮೀ. ದಾಟಿ ಕಣ್ಣಳತೆಯ ಹಾರಾಟ (ಹೊರಗೆ ಕಾಣುವುದನ್ನೇ ನಂಬಿ ಹಾರುವುದು, ವಿಎಫ್ಆರ್) ನಡೆಸುವಂತಿಲ್ಲ. ನಿಮಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆ, ಇಲ್ಲದಿದ್ದರೆ ಮಾತು ಇಲ್ಲಿಗೇ ನಿಂತಿತು. ಫ್ಲೈಟ್ ಪ್ಲಾನ್, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ಸಂಖ್ಯೆಗಳು ನೆಲದ ಮೇಲಿನ ಹಾರಾಟದಂತೆಯೇ.

ಪ್ರಶ್ನೆ (ಬೀದರ್‌ನ ಸದಸ್ಯ): ದಾರಿಯಲ್ಲಿ ಆಂಡ್ರೋತ್, ಕವರತ್ತಿ ದ್ವೀಪಗಳಿವೆಯಲ್ಲ ಸರ್, ಅಲ್ಲಿ ಇಳಿಯಬಹುದಲ್ಲವೇ?

ಉತ್ತರ: ಲಕ್ಷದ್ವೀಪದಲ್ಲಿ ರನ್‌ವೇ ಇರುವುದು ಅಗತ್ತಿಯಲ್ಲಿ ಮಾತ್ರ. ಅದೂ ಸುಮಾರು 1,200 ಮೀಟರ್. ಕಲಬುರಗಿಯ 3,175 ಮೀಟರ್ ಕಂಡ ಕಣ್ಣಿಗೆ ಅದು ಪಟ್ಟಿಯಂತೆ ಕಾಣುತ್ತದೆ. ಆದರೆ ನಿಮ್ಮ ಯೋಚನೆ ಸರಿಯಾದ ಕಡೆಗೇ ಇದೆ. ದ್ವೀಪದ ಹತ್ತಿರ ನೀರಿಗಿಳಿದರೆ ದೋಣಿಗಳು ಬೇಗ ತಲುಪುತ್ತವೆ. ಹತ್ತು ನಿಮಿಷ ಹೆಚ್ಚಾದರೂ ದ್ವೀಪಗಳ ಪಕ್ಕದಿಂದ ಹೋಗುವ ದಾರಿಯನ್ನೇ ನಾನು ಆರಿಸುತ್ತೇನೆ.

ಲೈಫ್ ಜಾಕೆಟ್ ಬಗ್ಗೆ ಬಿಡಿಸಿ ಹೇಳಬೇಕು. ಅದನ್ನು ಸೀಟಿನ ಕೆಳಗಿಡಬೇಡಿ; ಕೊಚ್ಚಿಯಲ್ಲೇ ತೊಟ್ಟುಕೊಂಡು ಹತ್ತಿ. ವಿಮಾನದೊಳಗೆ ಗಾಳಿ ತುಂಬಬೇಡಿ. 1996ರ ನವೆಂಬರ್‌ನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಕೊಮೊರೊಸ್ ಬಳಿ ಸಮುದ್ರಕ್ಕಿಳಿಯಿತು. ಒಳಗೇ ಜಾಕೆಟ್ ಉಬ್ಬಿಸಿಕೊಂಡ ಎಷ್ಟೋ ಪ್ರಯಾಣಿಕರು ನೀರು ಏರಿದಂತೆ ಮೇಲ್ಛಾವಣಿಗೆ ಒತ್ತಿಕೊಂಡು, ಬಾಗಿಲವರೆಗೆ ಮುಳುಗಿ ಬರಲಾರದೆ ಸತ್ತರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ನಿಮ್ಮ ಸ್ನೇಹಿತನಿಗೆ ನೆಲದ ಮೇಲೆಯೇ ಎರಡು ಬಾರಿ ಅಭ್ಯಾಸ ಮಾಡಿಸಿ: ನೀರು ಮುಟ್ಟುವ ಮುನ್ನ ಬಾಗಿಲಿನ ಚಿಲಕ ತೆಗೆಯುವುದು, ಹೊರಗೆ ಬಂದ ಮೇಲೆ ಜಾಕೆಟ್ ಉಬ್ಬಿಸುವ ದಾರ ಎಳೆಯುವುದು. ಲೈಫ್ ರಾಫ್ಟ್ (ಗಾಳಿ ತುಂಬುವ ತೆಪ್ಪ) ಕೈಗೆ ಸಿಗುವಲ್ಲಿರಲಿ. ಉಪಗ್ರಹದ ಮೂಲಕ ನೀವಿರುವ ಜಾಗ ತಿಳಿಸುವ 406 ಮೆಗಾಹರ್ಟ್ಸ್ ಬೀಕನ್ ಒಂದನ್ನು ಜಾಕೆಟ್ಟಿಗೇ ಕಟ್ಟಿಕೊಳ್ಳಿ. ವಿಮಾನದ ಬೀಕನ್ ವಿಮಾನದೊಂದಿಗೇ ಮುಳುಗುತ್ತದೆ.

ಪ್ರಶ್ನೆ (ಕಲಬುರಗಿಯ ಸದಸ್ಯ): ನನಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲ ಸರ್. ಆಸೆ ಬಿಟ್ಟುಬಿಡಬೇಕೇ?

ಉತ್ತರ: ಜನವರಿಯನ್ನು ಬಿಡಿ, ಆಸೆಯನ್ನು ಬಿಡಬೇಡಿ. ಮಬ್ಬು ಕವಿದ ದಿನ ಸಮುದ್ರ, ಆಕಾಶ ಒಂದೇ ಬಣ್ಣವಾಗಿ ದಿಗಂತವೇ ಅಳಿಸಿಹೋಗುತ್ತದೆ. ರೆಕ್ಕೆ ವಾಲಿದ್ದು ದೇಹಕ್ಕೆ ತಿಳಿಯುವುದಿಲ್ಲ. ಹಾಗಾಗಿ ಆ ರೇಟಿಂಗ್ ನಿಮಗೆ ಹೇಗಿದ್ದರೂ ಬೇಕು. ಅದರ ನಡುವೆ ತರಬೇತುದಾರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂರತ್‌ನಿಂದ ಭಾವನಗರಕ್ಕೆ ಖಂಭಾತ್ ಕೊಲ್ಲಿ ದಾಟಿ. ನೇರ ದೂರ ಸುಮಾರು 90 ಕಿ.ಮೀ.; ಎತ್ತರದಲ್ಲಿ ಹಾರಿದರೆ ಯಾವ ದಡವೂ ಕೈಗೆಟುಕದ ನಿಮಿಷಗಳು ಕೆಲವೇ. ಆ ಹಾರಾಟದ ಲೆಕ್ಕದ ಹಾಳೆಯನ್ನು ಇಲ್ಲಿ ಹಾಕಿ, ಗಾಳಿಯ ಅಂಕಿಗಳನ್ನು ನಾನು ಒಂದೊಂದಾಗಿ ನೋಡಿಕೊಡುತ್ತೇನೆ.