ಮಳೆಗಾಲದ ಮರವಂತೆಯ ಚಿತ್ರಗಳು ಬೂದಾಗುವುದೇಕೆ?

ಪ್ರಶ್ನೆ (ಬೆಂಗಳೂರಿನಿಂದ):
ಕಳೆದ ಜುಲೈಯಲ್ಲಿ ಮೂರು ದಿನ ಮರವಂತೆಯಲ್ಲಿದ್ದು, ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ, ಇನ್ನೊಂದು ಮಗ್ಗುಲಿಗೆ ಕಡಲು ಇರುವ ಆ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಆಕಾಶವೂ ನೀರೂ ಒಂದೇ ಬೂದುಬಣ್ಣಕ್ಕೆ ತಿರುಗಿವೆ; ಅಲೆಯ ನೊರೆ ಮಾಸಿದ ಪಂಚೆಯಂತಿದೆ. ಮೊದಲ ದಿನದ ಚಿತ್ರಗಳಂತೂ ಪೂರ್ತಿ ಮಂಜುಮಂಜಾಗಿವೆ. ಮಳೆಗಾಲದ ಆಸೆ ಬಿಟ್ಟು ನವೆಂಬರ್‌ವರೆಗೆ ಕಾಯುವುದೇ ಒಳ್ಳೆಯದೇ?

ಉತ್ತರ (ಕುಂದಾಪುರದಿಂದ):
ಕಾಯಬೇಡಿ. ನೊರೆ ಮಾಸಿ ಕಾಣಲು ಮಳೆಗಿಂತ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕಾರಣ: ಎದುರಿಗೆ ಬಿಳುಪು ಹೆಚ್ಚಿದ್ದಾಗ ಅದು ಬೆಳಕನ್ನು ತಗ್ಗಿಸಿ ಎಲ್ಲವನ್ನೂ ನಡುಬೂದಿಗೆ ಎಳೆಯುತ್ತದೆ. ಎಕ್ಸ್‌ಪೋಶರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ರಾ ಕಡತದಲ್ಲಿಯೇ ತೆಗೆಯಿರಿ. ಆಷಾಢದ ಕಡಲಿನಲ್ಲಿ ಬಣ್ಣ ಹುಡುಕುವುದಕ್ಕಿಂತ ಆಕಾರ ಹುಡುಕುವುದು ಮೇಲು. ಕಡಲ್ಕೊರೆತ ತಡೆಯಲು ಹಾಕಿರುವ ಕಪ್ಪು ಬಂಡೆಗಳನ್ನು ಚೌಕಟ್ಟಿನ ಕೆಳಗೆ ಇಟ್ಟುಕೊಂಡು, ಅಲೆ ಬಡಿದು ಹಿಂದಕ್ಕೆ ಸರಿಯುವಾಗ ಅರ್ಧ ಸೆಕೆಂಡ್ ಷಟರ್ ತೆರೆದರೆ ನೊರೆ ಎಳೆಎಳೆಯಾಗಿ ಕಲ್ಲಿನಿಂದ ಇಳಿಯುವುದು ಕಾಣುತ್ತದೆ. ಮೂವತ್ತು ಸೆಕೆಂಡ್ ತೆರೆದರೆ ಅದೇ ಕಡಲು ಹೊಗೆಯಾಗಿಬಿಡುತ್ತದೆ. ಅಬ್ಬರಿಸುವ ನೀರನ್ನು ಹಾಗೆ ಸಪ್ಪೆ ಮಾಡುವುದು ನನಗಂತೂ ಹಿಡಿಸದು. ಅಳಿವೆಯ ಬಳಿ ನೀರು ಕೆಂಪಗಿದ್ದರೆ ಅದನ್ನು ತಿದ್ದಿ ನೀಲಿ ಮಾಡಬೇಡಿ, ಹೊಳೆ ತಂದ ಮಣ್ಣಿನ ಬಣ್ಣವದು.

ಉತ್ತರ (ಉಡುಪಿಯಿಂದ):
ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಕಡಲು ಬಹುಮಟ್ಟಿಗೆ ಖಾಲಿ. ದೋಣಿಯೂ ಮನುಷ್ಯರೂ ಚಿತ್ರದಲ್ಲಿ ಬೇಕೆನ್ನುವವರು ಆಮೇಲೆ ಬರುವುದೇ ಸರಿ. ಮಳೆ ತೊಳೆದ ಗಾಳಿಯಿಂದಾಗಿ ಅಕ್ಟೋಬರ್‌ನಲ್ಲಿ ದಿಗಂತ ಗೆರೆ ಕೊರೆದಂತಿರುತ್ತದೆ, ಮಾರ್ಚ್ ಹೊತ್ತಿಗೆ ಸೂರ್ಯ ನೀರು ಮುಟ್ಟುವ ಮೊದಲೇ ಮಬ್ಬಿನಲ್ಲಿ ಕರಗಿಹೋಗುತ್ತಾನೆ. ಸೂರ್ಯ ಮುಳುಗುವ ಜಾಗವೂ ಬದಲಾಗುತ್ತದೆ: ಡಿಸೆಂಬರ್ ಕೊನೆಯಲ್ಲಿ ನೇರ ಪಡುವಣದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ, ಜೂನ್ ಕೊನೆಯಲ್ಲಿ ಅಷ್ಟೇ ಬಡಗಕ್ಕೆ. ಆದ್ದರಿಂದ 1901ರ ಕಾಪು ದೀಪಸ್ತಂಭದ ಹಿಂದೆ ಸೂರ್ಯನನ್ನು ಕೂರಿಸಬೇಕೆಂದರೆ ಡಿಸೆಂಬರ್‌ನಲ್ಲಿ ಅದು ನಿಂತಿರುವ ಬಂಡೆಯ ಬಡಗು ಬದಿಯ ಮರಳಿನಲ್ಲಿ, ಮೇ ತಿಂಗಳಲ್ಲಿ ತೆಂಕು ಬದಿಯಲ್ಲಿ ನಿಲ್ಲಬೇಕು.

ಉತ್ತರ (ಮಂಗಳೂರಿನಿಂದ):
ಟ್ರೈಪಾಡ್ ಕಾಲುಗಳನ್ನು ಮೊದಲೇ ಮರಳಿಗೆ ಒತ್ತಿ ಹೂಳಿ. ಇಲ್ಲವಾದರೆ ಹಿಂದೆ ಸರಿಯುವ ನೀರು ಅಡಿಯ ಮರಳನ್ನು ಕೊರೆದು ಚೌಕಟ್ಟನ್ನೇ ವಾಲಿಸುತ್ತದೆ. ಮನೆಗೆ ಬಂದಕೂಡಲೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ, ಲೆನ್ಸನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಒಂದು ಮಳೆಗಾಲ ಬೀರುವಿನಲ್ಲಿ ಹಾಗೇ ಇಟ್ಟ ನನ್ನ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಎಸಿ ಕೋಣೆಯಿಂದ ಹೊರಬಂದ ಕೂಡಲೇ ಚೀಲ ತೆರೆಯಬೇಡಿ, ತಣ್ಣನೆಯ ಗಾಜಿನ ಮೇಲೆ ತೇವ ಕಟ್ಟುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇರಲಿ.

ಪ್ರಶ್ನೆ ಕೇಳಿದವರು:
ನಾನಿದ್ದ ಕೋಣೆಯಲ್ಲಿ ಎಸಿ ರಾತ್ರಿಯಿಡೀ ಓಡುತ್ತಿತ್ತು, ಬೆಳಿಗ್ಗೆ ಆರಕ್ಕೆ ನೇರವಾಗಿ ದಡಕ್ಕೆ ಹೋಗಿದ್ದೆ. ಮೊದಲ ದಿನದ ಮಂಜು ಕಡಲಿನದಲ್ಲ ಎಂದಾಯಿತು.