ಭೂಕಂಪದಲ್ಲಿ ಕಟ್ಟಡವನ್ನು ಎಳೆದು ಹಿಡಿಯುವ ‘ಕ್ಲ್ಯಾಡಿಂಗ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಭೂಕಂಪ ತಾಳುವ ಕಟ್ಟಡಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಕ್ಲ್ಯಾಡಿಂಗ್’ ಅನ್ನುವ ಪದಕ್ಕೆ ನಿಮ್ಮ ಸಲಹೆ ಬೇಕು. ಗೋಡೆಯ ಹೊರಮೈಗೆ ಹಾಕುವ ಕಲ್ಲು, ಗಾಜು, ಅಲ್ಯೂಮಿನಿಯಂ ಶೀಟಿಗೆಲ್ಲ ‘ಹೊರಹೊದಿಕೆ’ ಚೆನ್ನಾಗಿ ಒಪ್ಪುತ್ತದೆ. ಭಾರ ಹೊರುವುದು ಕಂಬ, ತೊಲೆ. ಹೊದಿಕೆ ಬಿಸಿಲು ಮಳೆ ತಡೆಯುತ್ತದೆ, ಅಂದ ಕೊಡುತ್ತದೆ, ಅಷ್ಟೇ. ಭೂಕಂಪ ಬಂದಾಗಂತೂ ಅದು ಹೊರೆಯೇ. ತೂಕ ಹೆಚ್ಚಿದಷ್ಟೂ ಕಟ್ಟಡದ ಮೇಲೆ ಬೀಳುವ ಬಲ ಜಾಸ್ತಿ. ಕಟ್ಟಡ ತೂಗಾಡಿದಾಗ ಒಡೆದು ಬೀಳದಿರಲಿ ಎಂದು, ಅಲುಗಾಡಲು ಸ್ವಲ್ಪ ಜಾಗ ಬಿಟ್ಟೇ ಅದನ್ನು ಕೂರಿಸುತ್ತಾರೆ.

ನನ್ನ ಲೇಖನದಲ್ಲಿರುವುದು ಬೇರೆ ಬಗೆಯದು. ಜಪಾನಿನ ಇಶಿಕಾವಾ ಪ್ರಾಂತ್ಯದ ನೋಮಿಯಲ್ಲಿ ಕೊಮಾತ್ಸು ಸೇರೆನ್ (ಈಗಿನ ಹೆಸರು ಕೊಮಾತ್ಸು ಮಾತೆರೆ) ಎಂಬ ಬಟ್ಟೆ ಕಂಪನಿಯ ಹಳೆಯ ಮೂರಂತಸ್ತಿನ ಕಚೇರಿ ಇದೆ. ವಾಸ್ತುಶಿಲ್ಪಿ ಕೆಂಗೊ ಕುಮಾ 2015ರಲ್ಲಿ ಅದರ ಸುತ್ತ ಚಾವಣಿಯಿಂದ ನೆಲದವರೆಗೆ ಕಾರ್ಬನ್ ನಾರಿನ ಹುರಿಗಳನ್ನು ಓರೆಯಾಗಿ ಬಿಗಿದರು. ದೂರಕ್ಕೆ ತೆಳ್ಳನೆಯ ಬಿಳಿ ಪರದೆ. ಕಟ್ಟಡ ಎಡಕ್ಕೆ ವಾಲಿದರೆ ಬಲಗಡೆಯ ಹುರಿಗಳು ಡೇರೆಯ ಹಗ್ಗಗಳ ಹಾಗೆ ಎಳೆದು ಹಿಡಿಯುತ್ತವೆ. 160 ಮೀಟರ್ ಉದ್ದದ ಹುರಿಯ ತೂಕ ಬರೀ 12 ಕಿಲೋ! ಅಷ್ಟೇ ಗಟ್ಟಿಯಾದ ಲೋಹದ ತಂತಿ ಇದರ ಐದು ಪಟ್ಟು ತೂಗುತ್ತದೆ. ಆ ಸೀಮೆಯ ಹಗ್ಗ ಹೆಣೆಯುವ ಕಸುಬೇ ಈ ಹುರಿಗೆ ಆಧಾರ. ಒಂದು ಬಟ್ಟೆ ಕಂಪನಿ ತನಗೆ ಗೊತ್ತಿದ್ದ ನೂಲಿನ ವಿದ್ಯೆಯಿಂದಲೇ ತನ್ನ ಕಟ್ಟಡವನ್ನು ಕಾಪಾಡಿಕೊಳ್ಳುವುದು ನನಗೆ ತುಂಬಾ ಹಿಡಿಸಿತು.

ಇದನ್ನು ‘ಹೊದಿಕೆ’ ಅಂದರೆ ಸುಮ್ನೆ ಮೈಮೇಲೆ ಬಿದ್ದಿರುವ ಬಟ್ಟೆ ಅನ್ನಿಸುತ್ತದೆ. ‘ಕವಚ’ ಹೊರಗಿನ ಏಟು ತಡೆಯುವಂಥದ್ದು. ಭೂಕಂಪದ ಬಲ ಬರುವುದು ಬುಡದಿಂದ, ಅಲ್ವಾ? ‘ಪರದೆ’ ನೋಟಕ್ಕೆ ಸರಿ, ಕೆಲಸ ಹೇಳುವುದಿಲ್ಲ. ಸದ್ಯಕ್ಕೆ ‘ಬಿಗಿಹೊದಿಕೆ’ ಎಂದು ಬರೆದಿಟ್ಟಿದ್ದೇನೆ. ‘ಭೂಕಂಪ ನಿರೋಧಕ’ವನ್ನು ಬೇಕೆಂದೇ ಬಿಟ್ಟೆ. ಕಟ್ಟಡ ಭೂಕಂಪವನ್ನು ತಡೆಯುವುದಿಲ್ಲ, ತಾಳಿಕೊಳ್ಳುತ್ತದೆ.

ನಮ್ಮ ಕಡೆಯ ಒಂದು ಕೆಲಸಕ್ಕೂ ಇದೇ ಪದ ಹೊಂದೀತೇ ನೋಡಿ. 1993ರ ಸೆಪ್ಟೆಂಬರ್ 30ರಂದು ಪಕ್ಕದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಾದ ಕಿಲ್ಲಾರಿ ಭೂಕಂಪದಲ್ಲಿ ಬಿದ್ದವು ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ ಮನೆಗಳು. ಅಂಥ ಗೋಡೆಯ ಒಳಮೈ ಹೊರಮೈ ಬೇರೆಬೇರೆಯಾಗಿ ಉಬ್ಬಿ ಕುಸಿಯುತ್ತವೆ. ಅದನ್ನು ಬಲಪಡಿಸಲು ಎರಡೂ ಮೈಗೆ ತಂತಿಯ ಜಾಲರಿ ಹೊದಿಸಿ, ಗೋಡೆಯಲ್ಲಿ ತೂತು ಕೊರೆದು ಒಂದಕ್ಕೊಂದು ಬಿಗಿದು, ಮೇಲೆ ಸಿಮೆಂಟ್ ಗಿಲಾವು ಮಾಡುವ ಪದ್ಧತಿ ಇದೆ. ಇಲ್ಲಿಯೂ ಹೊದಿಕೆ ಬಲ ತಡೆದುಕೊಳ್ಳುತ್ತದೆ.

ಬೀದರ್, ಕಲಬುರಗಿ ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ: ಹೀಗೆ ಜಾಲರಿ ಬಿಗಿದು ಗಿಲಾವು ಮಾಡುವುದಕ್ಕೆ ಅಲ್ಲಿನ ಗೌಂಡಿಗಳು ಏನಂತಾರೆ? ಅವರ ಬಾಯಲ್ಲಿ ಒಂದು ಪದ ಇದ್ದರೆ ‘ಬಿಗಿಹೊದಿಕೆ’ ಬಿಟ್ಟು ಅದನ್ನೇ ಬಳಸುತ್ತೇನೆ.