ಲೆವಿನ್ ಅವರ ನಾಲ್ಕು ತತ್ವಗಳು ವಾರ್ಡಿನಲ್ಲಿ ನಡೆಯುತ್ತವಾ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್, ಮೂರನೇ ವರ್ಷ

ನನ್ನ ಕೇಸ್ 72 ವರ್ಷದ ಅಜ್ಜಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ 4 ದಿನ. ಕೇರ್ ಪ್ಲಾನಿಗೆ ಅಮೆರಿಕದ ನರ್ಸಿಂಗ್ ಚಿಂತಕಿ ಮೈರಾ ಲೆವಿನ್ ಅವರ ಸಿದ್ಧಾಂತ ತೆಗೆದುಕೊಂಡಿದ್ದೇನೆ. ರೋಗಿಯ ಶಕ್ತಿ, ದೇಹದ ರಚನೆ, ವ್ಯಕ್ತಿತ್ವ, ಸಾಮಾಜಿಕ ಬದುಕು, ನಾಲ್ಕನ್ನೂ ಕಾಪಾಡಬೇಕು ಅಂತ ಅವರು 1967ರಲ್ಲೇ ಬರೆದರು. ಬಾಯಿಪಾಠ ಆಗಿದೆ. ಆದರೆ 40 ಹಾಸಿಗೆಗೆ ಇಬ್ಬರೇ ನರ್ಸ್ ಇರುವಾಗ ಇದನ್ನು ಮಾಡೋದು ಹೇಗೆ?

ಉತ್ತರ: ಮೂಳೆ ವಾರ್ಡಿನಲ್ಲಿ 19 ವರ್ಷ

ನಿಮ್ಮ ಅಜ್ಜಿ ಎಷ್ಟು ನೀರು ಕುಡಿಯುತ್ತಿದ್ದಾರೆ? ಮೊದಲು ಅದನ್ನು ನೋಡಿ.

ನಮ್ಮಲ್ಲೂ ಇಂಥ ಒಬ್ಬ ಅಜ್ಜಿ ಇದ್ದರು. ಊಟ ಬೇಡ, ನೀರು ಬೇಡ, ಗೋಡೆ ಕಡೆ ಮುಖ. 'ಸಹಕರಿಸುತ್ತಿಲ್ಲ' ಅಂತ ಫೈಲಿನಲ್ಲಿ ಬರೆದವಳು ನಾನೇ. ಮೂರನೇ ದಿನ ಮಲಬದ್ಧತೆ, ರಾತ್ರಿಯೆಲ್ಲ ಗೊಂದಲದ ಮಾತು. ಡ್ರಿಪ್ ಹಾಕಬೇಕಾಯಿತು. ಆಮೇಲೆ ಪಕ್ಕ ಕೂತು ಕೇಳಿದೆ. "ಎಲ್ಲರ ಎದುರಿಗೆ ಬೆಡ್‌ಪ್ಯಾನ್ ಇಡ್ತೀರಲ್ಲಮ್ಮ, ಅದಕ್ಕೇ ಕುಡಿಯಲ್ಲ" ಅಂದರು.

ಕೆಟ್ಟಿದ್ದು ಮಾನ. ಸೋತಿದ್ದು ದೇಹ. ನಾಲ್ಕೂ ಒಂದಕ್ಕೊಂದು ಅಂಟಿಕೊಂಡಿವೆ ಅನ್ನೋದು ನನಗೆ ಅಲ್ಲಿ ಅರ್ಥವಾಯಿತು. ಮೂಲೆಯಲ್ಲಿದ್ದ ಮಡಚುವ ಪರದೆಯನ್ನು ಅವರ ಹಾಸಿಗೆ ಹತ್ತಿರ ತಂದಿಟ್ಟೆ. ಅದಕ್ಕೆ ಜಾಸ್ತಿ ಜನ ಬೇಕಿರಲಿಲ್ಲ.

ಶಕ್ತಿಯ ವಿಷಯವೂ ಹಾಗೇ. ಬೆಳಿಗ್ಗೆ ಸ್ಪಂಜ್, ಡ್ರೆಸ್ಸಿಂಗ್, ಫಿಸಿಯೋ ಒಂದರ ಹಿಂದೆ ಒಂದು ಮಾಡಿ ಮುಗಿಸಿಬಿಡುತ್ತೇವೆ. ಅಜ್ಜಿ ನಡೆಯುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಮಧ್ಯೆ ಅರ್ಧ ಗಂಟೆ ಬಿಡಿ. ಮೊದಲು, ಆಮೇಲೆ ನಾಡಿ ನೋಡಿ ಬರೆದಿಡಿ. ಹಾಸಿಗೆ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ನೋಡುವುದು ನಿಮಗೆ ಗೊತ್ತೇ ಇದೆ.

ಉತ್ತರ: ಸಮುದಾಯ ಆರೋಗ್ಯ ನರ್ಸ್

ಮೇಲಿನ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಲೆವಿನ್ ನೋಡೋದು ಹೆಚ್ಚಾಗಿ ಹಾಸಿಗೆಯಲ್ಲಿರುವ ರೋಗಿಯನ್ನು. ಅಜ್ಜಿ ಮನೆಗೆ ಹೋದ ಮೇಲೆ ಇನ್ನೊಬ್ಬ ನರ್ಸಿಂಗ್ ಚಿಂತಕಿ ಡೊರೊಥಿಯಾ ಒರೆಮ್ ಅವರ ಸ್ವ-ಆರೈಕೆ ಸಿದ್ಧಾಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅಜ್ಜಿ ಏನು ತಾವೇ ಮಾಡಬಲ್ಲರು, ಎಲ್ಲಿ ಕೈ ಹಿಡಿಯಬೇಕು ಅಂತ ಈಗಲೇ ನೋಡಿ. ಮನೆಯ ಶೌಚಾಲಯ ಎಂಥದ್ದು ಅಂತ ಕೇಳಿ. ತಗ್ಗಿನ ಇಂಡಿಯನ್ ಶೌಚಾಲಯ ಇದ್ದರೆ ಡಿಸ್ಚಾರ್ಜಿಗೆ ಮೊದಲೇ ಕಮೋಡ್ ಕುರ್ಚಿ ತರಲು ಹೇಳಿ.

ಪ್ರಶ್ನೆ ಕೇಳಿದವರು

ಇವತ್ತು ಚಾರ್ಟ್ ನೋಡಿದೆ. ನಿನ್ನೆ ಇಡೀ ದಿನ ಕುಡಿದದ್ದು ಮೂರೇ ಲೋಟ. ಪರದೆ ಎಳೆದು ಸೊಸೆಯನ್ನು ಪಕ್ಕ ನಿಲ್ಲಿಸಿ ಬೆಡ್‌ಪ್ಯಾನ್ ಇಟ್ಟೆ. ಮಧ್ಯಾಹ್ನ ಅಜ್ಜಿ ತಾವಾಗೇ ಮಜ್ಜಿಗೆ ಕೇಳಿದರು.